ಹರಾಜಿನ ಕೋಟಿ, ಎರಿ ಹೊಲದ ಎರಡು ಎಕರೆ: ಗದಗ ತಾಲ್ಲೂಕಿನ ಒಂದು ಪ್ರಕರಣ

ಈ ಅಧ್ಯಯನಕ್ಕೆ ಮುಖ್ಯ ಆಧಾರ ಒಂದು ಖರ್ಚಿನ ವಹಿ. ಶಾಲಾ ಮಕ್ಕಳು ಬಳಸುವ ಇನ್ನೂರು ಪುಟಗಳ ಆ ನೋಟುಬುಕ್ಕಿನಲ್ಲಿ ಗದಗ ತಾಲ್ಲೂಕಿನ ಒಬ್ಬ ರೈತರು, 2018ರ ಫೆಬ್ರುವರಿಯಿಂದ 2022ರ ನವೆಂಬರ್‌ವರೆಗೆ ತಮ್ಮ ಕಿರಿಯ ಮಗನ ಕ್ರಿಕೆಟ್ಟಿಗೆ ಹಾಕಿದ ಪ್ರತಿ ರೂಪಾಯಿಯನ್ನೂ ದಿನಾಂಕದೊಂದಿಗೆ ಬರೆದಿದ್ದಾರೆ. ಎಡಗಡೆ ಜಮಾ, ಬಲಗಡೆ ಖರ್ಚು. ಬಲಬದಿ ಪುಟಪುಟಕ್ಕೂ ತುಂಬಿಕೊಂಡಿದೆ. ಎಡಬದಿಯಲ್ಲಿ ಮೊದಲ ಮೂರು ವರ್ಷ ಒಂದು ಸಾಲೂ ಇಲ್ಲ. ಹುಡುಗ ಓದಿದ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕನಾಗಿದ್ದೆ, ಅವನ ಕೈಗೆ ಮೊದಲ ಬಾರಿ ಚರ್ಮದ ಚೆಂಡು ಕೊಟ್ಟವನು ನಾನೇ. ತಂದೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಮನೆಯವರ ಹೆಸರನ್ನೂ ಬಿಟ್ಟಿದ್ದೇನೆ. ಮನೆಯ ಲೆಕ್ಕವೆಲ್ಲ ವಹಿಯಲ್ಲಿ ಇದ್ದಂತೆಯೇ ಇದೆ.

ವೃತ್ತಿಪರ ಆಟದಲ್ಲಿ ಹಣ ಅತಿಯಾಯಿತು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಮೇಲಿನವರನ್ನು ನೋಡಿ ಆಡುತ್ತೇವೆ. ತಂಡದ ಮಾಲೀಕರು, ಪ್ರಸಾರ ಕಂಪನಿಗಳು, ಕೋಟಿಗಟ್ಟಲೆ ಪಡೆಯುವ ಆಟಗಾರರು ನಮ್ಮ ಕಣ್ಣಿಗೆ ಬೀಳುತ್ತಾರೆ. ಆ ಹಣದ ಸುದ್ದಿ ನೂರಾರು ಕಿಲೋಮೀಟರ್ ದೂರದ ಒಂದು ಎರಿ (ಕಪ್ಪು ಮಣ್ಣಿನ) ಹೊಲವನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಯಾರೂ ಲೆಕ್ಕ ಇಟ್ಟು ಬರೆದಿರುವುದಿಲ್ಲ. ಈ ತಂದೆ ಬರೆದಿದ್ದಾರೆ.

ಮೂಲಬೆಲೆ ಎಂಬ ಮಾತು

2018ರ ಜನವರಿ 27 ಮತ್ತು 28ರಂದು ಐಪಿಎಲ್ ಆಟಗಾರರ ಹರಾಜು ಬೆಂಗಳೂರಿನಲ್ಲಿ ನಡೆಯಿತು. ಕರ್ನಾಟಕದ ಕೆ.ಎಲ್. ರಾಹುಲ್ ಮತ್ತು ಮನೀಷ್ ಪಾಂಡೆ ತಲಾ 11 ಕೋಟಿ ರೂಪಾಯಿಗೆ ಹೋದರು. ಆದರೆ ನಮ್ಮೂರಿನ ಚಹಾದಂಗಡಿಯಲ್ಲಿ ವಾರಗಟ್ಟಲೆ ಚರ್ಚೆಯಾದದ್ದು ಕರ್ನಾಟಕದ ಇನ್ನೊಬ್ಬ ಆಟಗಾರ ಕೆ. ಗೌತಮ್ ಅವರ ಸಂಗತಿ. ಭಾರತ ತಂಡಕ್ಕೆ ಅದುವರೆಗೆ ಆಡಿರದ ಅವರ ಮೂಲಬೆಲೆ 20 ಲಕ್ಷವಿತ್ತು, ಕೂಗು ನಿಂತದ್ದು 6.20 ಕೋಟಿಗೆ. ರಾಹುಲ್ ದೊಡ್ಡ ಆಟಗಾರ, ಅವರಿಗೆ ಬಂದದ್ದು ಅವರ ಹಣೆಬರಹ ಎಂದು ಜನ ಸುಮ್ಮನಾಗುತ್ತಿದ್ದರು. ಟಿವಿಯಲ್ಲಿ ಅಷ್ಟಾಗಿ ಕಾಣದವನಿಗೂ ಆರು ಕೋಟಿ ಬಂತು ಎಂಬುದು ಮಾತ್ರ ತಮ್ಮ ಮನೆಯ ಅಂಗಳಕ್ಕೂ ಬರಬಹುದಾದ ಸುದ್ದಿಯಂತೆ ಅವರಿಗೆ ಕೇಳಿಸಿತು.

ಆ ವಾರವೇ ಹುಡುಗನ ತಂದೆ ಶಾಲೆಗೆ ಬಂದರು. ಏಳು ಎಕರೆ ಎರಿ ಹೊಲದ ಒಕ್ಕಲುತನ ಅವರದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ, ಮಳೆ ಕೈಹಿಡಿದ ವರ್ಷ ಸ್ವಲ್ಪ ಉಳ್ಳಾಗಡ್ಡಿ. ಎಂಟನೆಯ ತರಗತಿಯ ಮಗ ಎಡಗೈ ವೇಗದ ಬೌಲಿಂಗ್ ಮಾಡುತ್ತಿದ್ದ. ಅವರು ನನ್ನನ್ನು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ. ‘ಮಾಸ್ತರ್ರ, ಮೂಲಬೆಲೆ ಇಪ್ಪತ್ತು ಲಕ್ಷ ಅಂದ್ರ, ಯಾರೂ ಕೂಗದಿದ್ರೂ ಇಪ್ಪತ್ತು ಲಕ್ಷ ಸಿಗ್ತದ, ಖರೇ ಏನ್ರಿ?’

ಎಪಿಎಂಸಿಯಲ್ಲಿ ಬೆಂಬಲ ಬೆಲೆ ಎಂಬ ಮಾತನ್ನು ಕೇಳಿ ಬಲ್ಲ ರೈತನಿಗೆ ಮೂಲಬೆಲೆಯೂ ಅದೇ ಬಗೆಯದೆಂದು ತೋರಿದ್ದು ಸಹಜ. ಸರ್ಕಾರ ಹೆಸರುಕಾಳಿಗೆ ಬೆಂಬಲ ಬೆಲೆ ಘೋಷಿಸಿದರೆ ಕನಿಷ್ಠ ಅಷ್ಟಾದರೂ ಬರಬೇಕು ಎಂಬ ನಿರೀಕ್ಷೆಯಿರುತ್ತದೆ. ಐಪಿಎಲ್ ಹರಾಜಿನ ಮೂಲಬೆಲೆ ಕೂಗು ಆರಂಭವಾಗುವ ಅಂಕಿ ಮಾತ್ರ. ಯಾರೂ ಕೈ ಎತ್ತದಿದ್ದರೆ ಆಟಗಾರ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ಮತ್ತು ಹೆಸರು ನೋಂದಾಯಿಸಿದವರಲ್ಲಿ ಬಹುಪಾಲು ಜನ ಹಾಗೆಯೇ ಹೋಗುತ್ತಾರೆ. ಇಷ್ಟನ್ನು ನಾನು ಅವರಿಗೆ ಹೇಳಿದೆ. ಆದರೆ ಅದರ ಹಿಂದೆಯೇ ‘ಹುಡುಗನ ಕೈಯಲ್ಲಿ ಏನೋ ಒಂದು ಇದೆ’ ಎಂದೂ ಹೇಳಿದೆ. ಅವರು ಮನೆಗೆ ಒಯ್ದದ್ದು ಎರಡನೆಯ ಮಾತನ್ನು. ನಾನು ಅಂದು ಅಂಕಿಗಳನ್ನು ಪೂರ್ತಿಯಾಗಿ ಬಿಡಿಸಿ ಹೇಳಬೇಕಾಗಿತ್ತು. ಅದು ಈ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪು ಎಂದು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ಆ ಅಂಕಿಗಳು ಹೀಗಿವೆ. ಈಗ ಹತ್ತು ತಂಡಗಳಿರುವ ಐಪಿಎಲ್‌ನಲ್ಲಿ ಒಂದು ತಂಡಕ್ಕೆ ಗರಿಷ್ಠ 25 ಆಟಗಾರರು, ಅವರಲ್ಲಿ ಎಂಟು ಜನ ವಿದೇಶಿಯರು ಇರಬಹುದು. ತಂಡಗಳೆಲ್ಲ ಭರ್ತಿಯಾಗಿ, ವಿದೇಶಿಯರ ಪಾಲು ತುಂಬಿದರೆ, ಇಡೀ ದೇಶಕ್ಕೆ ಉಳಿಯುವ ಜಾಗ 170. 2024ರ ನವೆಂಬರಿನಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಹರಾಜಿಗೆ 1,574 ಜನ ಹೆಸರು ಕೊಟ್ಟಿದ್ದರು, ಮಾರಾಟವಾದವರು 182. ಹೆಸರು ಕೊಟ್ಟವರು ಹಾದಿಬೀದಿಯ ಹುಡುಗರಲ್ಲ, ಬಹುಮಟ್ಟಿಗೆ ತಮ್ಮ ತಮ್ಮ ರಾಜ್ಯದ ಆಯ್ಕೆಯ ಜರಡಿಯನ್ನು ಆಗಲೇ ದಾಟಿ ಬಂದವರು. ಐಪಿಎಲ್‌ನ ಕೆಳಗೆ ರಾಜ್ಯ ತಂಡ, ಅದರ ಕೆಳಗೆ ವಲಯ ತಂಡಗಳು, ಅದಕ್ಕೂ ಕೆಳಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಕ್ಲಬ್ಬುಗಳು. ನಮ್ಮ ಹುಡುಗ ನಿಂತಿದ್ದದ್ದು ಕ್ಲಬ್ಬಿನ ಬಾಗಿಲಿನ ಹೊರಗೆ.

ಗದಗದಿಂದ ಹುಬ್ಬಳ್ಳಿಗೆ

ನಮ್ಮ ಕಡೆಯ ಮಕ್ಕಳಿಗೆ ಒಂದು ಮಾದರಿ ಇದೆ. ಗದಗಿನಲ್ಲಿ 1970ರಲ್ಲಿ ಹುಟ್ಟಿದ ಸುನಿಲ್ ಜೋಶಿ ಅವರು ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ತಿರುಗಿ ಬಂದು ಗದಗಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಮುಂದೆ ಭಾರತದ ಪರವಾಗಿ 15 ಟೆಸ್ಟ್ ಮತ್ತು 69 ಏಕದಿನ ಪಂದ್ಯ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರುಗಳಲ್ಲಿ ಆರು ಮೇಡನ್ (ಒಂದು ರನ್ನೂ ಕೊಡದ ಓವರ್), ಆರು ರನ್, ಐದು ವಿಕೆಟ್ ಎಂಬ ಅವರ ಲೆಕ್ಕವನ್ನು ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದೆ. 2018ರ ಜೂನಿನಲ್ಲಿ ಈ ಹುಡುಗನೂ ಅದೇ ಹಳಿಯ ಮೇಲೆ ಹುಲಕೋಟಿ, ಅಣ್ಣಿಗೇರಿ, ಕುಸುಗಲ್ ದಾಟಿ ಹುಬ್ಬಳ್ಳಿಗೆ ಓಡಾಡತೊಡಗಿದ. ಹಳಿ ಅದೇ ಆಗಿದ್ದರೂ ಸುತ್ತಲಿನ ಕಾಲ ಬೇರೆಯಾಗಿತ್ತು. ಜೋಶಿಯವರು ಓಡಾಡುತ್ತಿದ್ದ ದಿನಗಳಲ್ಲಿ ಹಳ್ಳಿಯ ಹುಡುಗನೊಬ್ಬ ಕ್ರಿಕೆಟ್ ಆಡಿದರೆ ಅವನಿಂದ ಲಾಭ ಮಾಡಿಕೊಳ್ಳಬಹುದೆಂದು ಯಾರೂ ಎಣಿಸುತ್ತಿರಲಿಲ್ಲ.

ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. 1983ರಲ್ಲಿ ವಿಶ್ವಕಪ್ ಗೆದ್ದು ಬಂದ ತಂಡಕ್ಕೆ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ದೆಹಲಿಯಲ್ಲಿ ಲತಾ ಮಂಗೇಶ್ಕರ್ ಅವರ ಸಂಗೀತ ಕಾರ್ಯಕ್ರಮ ಏರ್ಪಡಿಸಿ, ಬಂದ ಹಣದಲ್ಲಿ ಆಟಗಾರರಿಗೆ ತಲಾ ಒಂದು ಲಕ್ಷ ಕೊಡಲಾಯಿತು. ಮೈಮುರಿದು ದುಡಿದ ಆಟಗಾರನಿಗೆ ತಕ್ಕ ಹಣ ಸಿಗಲೇಬೇಕು. 2021ರಲ್ಲಿ ಮಂಡಳಿ ಪರಿಷ್ಕರಿಸಿದ ದರದಂತೆ ರಾಜ್ಯ ತಂಡಗಳ ನಡುವಿನ ರಣಜಿ ಟೂರ್ನಿ ಆಡುವ ಹೊಸಬನಿಗೂ ದಿನಕ್ಕೆ 40,000, 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ 60,000 ರೂಪಾಯಿ ಸಿಗುತ್ತದೆ. ಇದು ನ್ಯಾಯವಾದದ್ದು, ಸಂತೋಷಪಡಬೇಕಾದದ್ದು. ತೊಂದರೆ ಇರುವುದು ನಡುವಿನ ಈ ಮರ್ಯಾದೆಯ ಸಂಬಳವನ್ನು ಯಾರೂ ಸುದ್ದಿ ಮಾಡದಿರುವುದರಲ್ಲಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿಗೆ ಹೋಯಿತು. ಒಬ್ಬ ಆಟಗಾರನಿಗೆ 27 ಕೋಟಿ ಸಿಕ್ಕಿತು. ಹಳ್ಳಿಗೆ ತಲುಪುವುದು ಈ ಎರಡು ಬಗೆಯ ಅಂಕಿಗಳು ಮಾತ್ರ, ಅವುಗಳ ಮುಂದೆ ದಿನಕ್ಕೆ 40,000 ಎಂಬುದು ಹೇಳಿಕೊಳ್ಳಲು ಯೋಗ್ಯವಾದ ಮೊತ್ತವಾಗಿ ಯಾರಿಗೂ ಕಾಣುವುದಿಲ್ಲ.

ವಹಿಯ ಮೊದಲ ವರ್ಷದ ಖರ್ಚು ಸೌಮ್ಯವಾಗಿದೆ. ಅಕಾಡೆಮಿಯ ಫೀ ತಿಂಗಳಿಗೆ 3,500, ರೈಲಿನ ಪಾಸು, ಸ್ಪೈಕ್ಸ್ ಬೂಟು, ಬಿಳಿ ಬಟ್ಟೆ, ಚೆಂಡು. ಎರಡನೆಯ ವರ್ಷದಲ್ಲಿ ಕೈಬರಹವೇ ಬದಲಾದಂತೆ ಕಾಣುತ್ತದೆ, ಸಾಲುಗಳು ಒತ್ತೊತ್ತಾಗಿವೆ. ಬೆಳಗಿನ ಓಡಾಟದಿಂದ ಹುಡುಗ ಸೋಲುತ್ತಾನೆಂದು ಹುಬ್ಬಳ್ಳಿಯಲ್ಲಿ ಒಂದು ಖೋಲಿ ಹಿಡಿದರು. ಅಡುಗೆ ಮಾಡಿ ಹಾಕಲು ತಾಯಿ ಅಲ್ಲಿಗೆ ಹೋದರು. ಒಂದು ಮನೆ ಎರಡು ಒಲೆಯಾಯಿತು. ಬೌಲರ್ ಆದರೂ ಬ್ಯಾಟಿಂಗ್ ಬರಬೇಕೆಂದು 18,000 ರೂಪಾಯಿಯ ಬ್ಯಾಟು ಬಂತು. ಬೆಂಗಳೂರಿನ ಬೇಸಿಗೆ ಶಿಬಿರಕ್ಕೆ 45,000. ಹುಡುಗನ ಬೌಲಿಂಗ್ ಚಿತ್ರೀಕರಿಸಿ ಆಯ್ಕೆದಾರರಿಗೆ ಕಳಿಸುವುದಾಗಿ ಹೇಳಿದವರಿಗೆ 12,000. ಮಂಡಳಿಯ ಮಾನ್ಯತೆಯೇ ಇಲ್ಲದ ಲೀಗುಗಳ ಟ್ರಯಲ್ಸಿಗೆ ನೋಂದಣಿ ಶುಲ್ಕ ಬೇರೆ ಬೇರೆ ದಿನಾಂಕಗಳಲ್ಲಿ ಒಂಬತ್ತು ಬಾರಿ. ಈ ಒಂಬತ್ತರಲ್ಲಿ ಎರಡು ಲೀಗುಗಳು ನಡೆಯಲೇ ಇಲ್ಲ.

ಇಲ್ಲಿ ಒಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಈ ಸಾಲುಗಳಲ್ಲಿ ಹಣ ಪಡೆದವರೆಲ್ಲ ಮೋಸಗಾರರಲ್ಲ. ಮೊದಲ ಅಕಾಡೆಮಿಯ ತರಬೇತುದಾರರು ಪ್ರಾಮಾಣಿಕರಾಗಿದ್ದರು. 2019ರ ಕೊನೆಗೆ ಅವರು ತಂದೆಯನ್ನು ಕೂಡಿಸಿಕೊಂಡು, ಹುಡುಗನ ಹಿಡಿತ ಚೆನ್ನಾಗಿದೆ ಆದರೆ ಮೇಲಿನ ಹಂತಕ್ಕೆ ಬೇಕಾದ ವೇಗ ಬರುವ ಲಕ್ಷಣ ಕಡಿಮೆ, ಓದು ಬಿಡಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ತಂದೆ ಮುಂದಿನ ತಿಂಗಳೇ ಅಕಾಡೆಮಿ ಬದಲಿಸಿದರು. ಹೊಸ ಅಕಾಡೆಮಿಯ ಫೀ ಹೆಚ್ಚಿತ್ತು, ಮಾತು ಸಿಹಿಯಾಗಿತ್ತು. ನಿಜ ಹೇಳಿದವರಿಗೆ ಗಿರಾಕಿ ತಪ್ಪಿತು, ಹಂಬಲಕ್ಕೆ ನೀರೆರೆದವರಿಗೆ ಗಿರಾಕಿ ಸಿಕ್ಕಿತು. ಮೇಲಿನಿಂದ ಬರುವ ಹಣದ ಸುದ್ದಿ ಕೆಳಗಿನ ಒಳ್ಳೆಯವರನ್ನು ಹೀಗೆ ಒಬ್ಬೊಬ್ಬರನ್ನಾಗಿ ಬದಿಗೆ ಸರಿಸುತ್ತದೆ.

ಊರಿನ ಪಾಲು

ವಹಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಪುಟಗಳು ಸಾಲದ ಪುಟಗಳು. ಸೊಸೈಟಿಯಲ್ಲಿ ತಾಯಿಯ ಬಂಗಾರದ ಬೋರಮಾಳ ಅಡವಿಟ್ಟು ತಂದ ಸಾಲ ಒಂದು. ಉಳಿದವು ಕೈಗಡ. ಹುಡುಗನ ಸೋದರಮಾವ ಒಂದು ಲಕ್ಷ ಕೊಟ್ಟರು. ಬಡ್ಡಿ ಬೇಡ ಎಂದರು, ಬದಲಿಗೆ ಹುಡುಗ ಐಪಿಎಲ್ ಆಡಿದ ವರ್ಷ ಹತ್ತು ಲಕ್ಷ ಕೊಡಬೇಕೆಂದು ಬಾಯಿಮಾತಿನ ಒಪ್ಪಂದವಾಯಿತು. ಇದು ಊರಿಗೆ ಗೊತ್ತಾಗಿ ಇನ್ನೂ ಮೂವರು ಇದೇ ಕರಾರಿನ ಮೇಲೆ ಸಣ್ಣ ಸಣ್ಣ ಮೊತ್ತ ಕೊಟ್ಟರು. ಹದಿನೈದು ವರ್ಷದ ಹುಡುಗ ಓಣಿಯಲ್ಲಿ ಹೋದರೆ ‘ಕೋಟಿ ಬಂತು’ ಎಂದು ಕರೆಯುತ್ತಿದ್ದರು. ಪ್ರೀತಿಯ ಕರೆಯೇ ಅದು. ಆದರೆ ಅವನ ಹೆಸರಿನ ಜಾಗದಲ್ಲಿ ಒಂದು ಮೊತ್ತ ಬಂದು ಕೂತಿತ್ತು. ಪಂದ್ಯ ಸೋತು ಬಂದ ದಿನ ಅವನು ಬಸ್‌ಸ್ಟ್ಯಾಂಡಿನ ಹಾದಿ ಬಿಟ್ಟು ಹೊಲದ ಹಾದಿಯಿಂದ ಮನೆಗೆ ಬರುತ್ತಿದ್ದನೆಂದು ಅವನ ತಾಯಿ ನನಗೆ ಹೇಳಿದ್ದಾರೆ.

ನಮ್ಮ ಭಾಗದಲ್ಲಿ ಊರು ಕೂಡಿ ಆಟಗಾರನನ್ನು ಸಾಕುವುದು ಹೊಸದೇನಲ್ಲ. ಗರಡಿಮನೆಯ ಪೈಲ್ವಾನನ ಖುರಾಕಿಗೆ ಒಂದು ಮನೆಯವರು ಹಾಲು, ಇನ್ನೊಂದು ಮನೆಯವರು ತುಪ್ಪ, ಬಾದಾಮಿ ಕೊಡುತ್ತಿದ್ದರು. ಜಾತ್ರೆಯ ನಿಕಾಲಿ (ಸೋಲು ಗೆಲುವು ತೀರುವವರೆಗೂ ಆಡುವ) ಕುಸ್ತಿಯಲ್ಲಿ ಅವನು ಬೆಳ್ಳಿ ಗದೆ ಗೆದ್ದರೆ ಅದನ್ನು ಊರಲ್ಲಿ ಮೆರವಣಿಗೆ ಮಾಡುತ್ತಿದ್ದರು, ಸೋತರೆ ಮುಂದಿನ ಜಾತ್ರೆಗೆ ನೋಡೋಣ ಎನ್ನುತ್ತಿದ್ದರು. ಹಾಲು ಕೊಟ್ಟವರು ಗದೆಯ ಬೆಳ್ಳಿಯಲ್ಲಿ ಪಾಲು ಕೇಳಿದ್ದನ್ನು ನಾನು ನೋಡಿಲ್ಲ. ಅಂಥ ಪೈಲ್ವಾನರಲ್ಲಿ ಅನೇಕರು ಮುಪ್ಪಿನಲ್ಲಿ ಕಷ್ಟಪಟ್ಟದ್ದೂ ನಿಜವೇ, ಆದ್ದರಿಂದ ಆ ವ್ಯವಸ್ಥೆ ಪೂರ್ತಿ ನ್ಯಾಯದ್ದಾಗಿತ್ತು ಎನ್ನಲಾರೆ. ಆದರೂ ಖುರಾಕು ಕೊಡುವುದಕ್ಕೂ ಹತ್ತು ಪಟ್ಟಿನ ಕರಾರಿಗೂ ನಡುವೆ ಆದ ಬದಲಾವಣೆ ಸಣ್ಣದಲ್ಲ.

2020ರಲ್ಲಿ ಕೊರೊನಾದಿಂದ ಅಕಾಡೆಮಿಗಳು ಮುಚ್ಚಿದವು. ಆ ವರ್ಷ ಐಪಿಎಲ್ ಯುಎಇಯಲ್ಲಿ ನಡೆಯಿತು, ಶೀರ್ಷಿಕೆ ಪ್ರಾಯೋಜಕತ್ವವನ್ನು 222 ಕೋಟಿಗೆ ಪಡೆದದ್ದು ಫ್ಯಾಂಟಸಿ ಆಟದ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಫೋನಿನಲ್ಲಿ ತಂಡ ಕಟ್ಟಿ ಹಣ ಹಚ್ಚುವ ಆಟದ, ಕಂಪನಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡೊಂದರಲ್ಲಿ ದುಡಿಯುತ್ತಿದ್ದ ಹಿರಿಯ ಮಗ, ತಮ್ಮನ ಖರ್ಚಿಗೆ ಕೈಜೋಡಿಸುವ ಆಸೆಯಿಂದ ಫೋನಿನಲ್ಲಿ ತಂಡ ಕಟ್ಟಿ ಹಣ ಹಾಕತೊಡಗಿದ. ಅವನು ಕಳೆದುಕೊಂಡದ್ದು ವಹಿಯಲ್ಲಿ ಬರೆದಿಲ್ಲ. ಹಣ ಹಚ್ಚುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. ದೇಶಕ್ಕೆಲ್ಲ ಅನ್ವಯವಾಗುವ ನಿಷೇಧದ ಕಾನೂನು ಬಂದದ್ದು 2025ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಈ ಮನೆಯ ಕೈ ಸುಟ್ಟಾಗಿತ್ತು.

ತಂದೆ ಒಂದೇ ಏಟಿಗೆ ದಾರಿ ತಪ್ಪಿದವರಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಹುಡುಗನ ಜನ್ಮದಿನಾಂಕದಲ್ಲಿ ಎರಡು ವರ್ಷ ಕಡಿಮೆ ತೋರಿಸಿ ಕಾಗದ ಮಾಡಿಸಿದರೆ ಚಿಕ್ಕ ವಯಸ್ಸಿನ ತಂಡದಲ್ಲಿ ಸುಲಭವಾಗಿ ಆಯ್ಕೆಯಾಗಬಹುದೆಂದು 2019ರಲ್ಲಿ ಒಬ್ಬರು ಸಲಹೆ ಕೊಟ್ಟರು. ಹದಿನಾರರ ಕೆಳಗಿನವರಿಗೆ ಮಂಡಳಿ ಕೈಮೂಳೆಯ ಎಕ್ಸ್‌ರೇ ತೆಗೆಸಿ ವಯಸ್ಸು ಅಂದಾಜು ಮಾಡುತ್ತದೆ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧವಿದೆ. ಈ ನಿಯಮ ತಂದೆಗೆ ಗೊತ್ತಿರಲಿಲ್ಲ. ಆದರೂ ಅವರು ಒಪ್ಪಲಿಲ್ಲ. ಹಡೆದ ತಾಯಿ ಮುಂದೆ ನಿಂತಿರುವಾಗ ಹುಟ್ಟಿದ ದಿನವನ್ನು ಹೇಗೆ ಬದಲಿಸಲಿ ಎಂದು ಕೇಳಿ ಆ ಮನುಷ್ಯನನ್ನು ಕಳಿಸಿಬಿಟ್ಟರು. ಇಂಥವರೇ ಮೂರು ವರ್ಷದ ನಂತರ ಏಳು ಲಕ್ಷವನ್ನು ಕೈಯಲ್ಲಿ ಎಣಿಸಿ ಕೊಟ್ಟರು.

ಬೆನ್ನು ಮತ್ತು ಏಳು ಲಕ್ಷ

2021ರಲ್ಲಿ ಜಮಾ ಬದಿಯಲ್ಲಿ ಮೊದಲ ಸಾಲು ಕಾಣುತ್ತದೆ: ‘ಟೆನಿಸ್ ಬಾಲ್, 1,500.’ ನಮ್ಮ ಭಾಗದ ಹಳ್ಳಿಗಳಲ್ಲಿ ದೊಡ್ಡ ನಗದು ಬಹುಮಾನದ ಟೆನಿಸ್ ಚೆಂಡಿನ ಪಂದ್ಯಾವಳಿಗಳು ನಡೆಯುತ್ತವೆ, ತಂಡದವರು ಹೊರಗಿನ ಬೌಲರುಗಳನ್ನು ಹಣ ಕೊಟ್ಟು ಕರೆಸುತ್ತಾರೆ. ಸಾಲದ ಬಿಸಿ ತಟ್ಟಿದ್ದ ಮನೆಗೆ ಅದು ಆಸರೆಯಾಗಿ ಕಂಡಿತು. ವಾರವೆಲ್ಲ ಅಕಾಡೆಮಿಯಲ್ಲಿ ಚರ್ಮದ ಚೆಂಡು, ಭಾನುವಾರ ಒಂದೇ ದಿನ ಮೂರು ಟೆನಿಸ್ ಪಂದ್ಯ. ಹಗುರವಾದ ಚೆಂಡಿಗೆ ವೇಗ ತುಂಬಲು ಮೈಯನ್ನು ಇನ್ನಷ್ಟು ಝಾಡಿಸಬೇಕಾಗುತ್ತದೆ. ಬೆಳೆಯುವ ವಯಸ್ಸಿನ ವೇಗದ ಬೌಲರನ ಬೆನ್ನೆಲುಬಿನ ಕೆಳಭಾಗದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬಿಡುವಿಲ್ಲದೆ ಅದೇ ತಿರುವು, ಅದೇ ಭಾರ ಬಿದ್ದರೆ ಅಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಇದಕ್ಕೆ ಬಿಡುವೇ ಮುಖ್ಯ ಔಷಧ. 2022ರ ಮಾರ್ಚಿನಲ್ಲಿ ಹುಬ್ಬಳ್ಳಿಯ ವೈದ್ಯರು ಸ್ಕ್ಯಾನ್ ನೋಡಿ ಆರು ತಿಂಗಳು ಚೆಂಡು ಮುಟ್ಟಬಾರದು ಎಂದರು. ಹುಡುಗನಿಗೆ ಆಗ ಹದಿನೆಂಟು. ಅವನು ಎರಡು ತಿಂಗಳೂ ಸುಮ್ಮನೆ ಕೂರಲಿಲ್ಲ, ಕೂರಲು ಯಾರೂ ಬಿಡಲಿಲ್ಲ.

ಮಧ್ಯವರ್ತಿ ಬಂದದ್ದು ಆ ಬೇಸಿಗೆಯಲ್ಲಿ. 2018-19ರ ಋತುವಿನಲ್ಲಿ ಒಂಬತ್ತು ಹೊಸ ತಂಡಗಳು ರಣಜಿಗೆ ಸೇರಿ ಒಟ್ಟು ಸಂಖ್ಯೆ 37ಕ್ಕೆ ಏರಿತ್ತು. ಹೊಸ ತಂಡಗಳಲ್ಲಿ ಹೊರರಾಜ್ಯದ ಆಟಗಾರರೂ ಆಡುತ್ತಿದ್ದರು. ಈ ನಿಜದ ಮೇಲೆ ಆತ ತನ್ನ ಸುಳ್ಳನ್ನು ಕಟ್ಟಿದ. ಆ ರಾಜ್ಯವೊಂದರಲ್ಲಿ ತನಗೆ ಪರಿಚಯವಿದೆ, ಏಳು ಲಕ್ಷ ಕೊಟ್ಟರೆ ಈ ವರ್ಷವೇ ತಂಡದ ಪಟ್ಟಿಯಲ್ಲಿ ಹೆಸರು ಬರುತ್ತದೆ, ಅಲ್ಲಿಂದ ಹರಾಜಿನ ಪಟ್ಟಿಗೆ ಒಂದೇ ಹೆಜ್ಜೆ ಎಂದ. ಮಧ್ಯವರ್ತಿ ಆ ರಾಜ್ಯದ ಸಂಸ್ಥೆಗೆ ಸೇರಿದವನಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ತಂದೆ ಎರಡು ಎಕರೆ ಮಾರಿದರು. ಹದಿನಾಲ್ಕು ಲಕ್ಷ ಬಂತು. ಅರ್ಧ ಹಳೆಯ ಸಾಲಕ್ಕೂ ಮನೆ ಖರ್ಚಿಗೂ ಹೋಯಿತು, ಉಳಿದ ಅರ್ಧ ಗದಗಿನ ಹೋಟೆಲೊಂದರ ಮೇಜಿನ ಮೇಲೆ ಕೈ ಬದಲಾಯಿಸಿತು. ರಸೀದಿಯಿಲ್ಲ, ಸಾಕ್ಷಿಯಿಲ್ಲ. ಹುಡುಗ ನೋವಿನ ಗುಳಿಗೆ ನುಂಗಿ ಎರಡು ದಿನ ರೈಲಿನಲ್ಲಿ ಪ್ರಯಾಣ ಮಾಡಿ, ಯಾವುದೋ ಖಾಸಗಿ ಮೈದಾನದಲ್ಲಿ ಯಾರಿಗೋ ಬೌಲಿಂಗ್ ಮಾಡಿ ತೋರಿಸಿ ಬಂದ. ಕರೆ ಬರಲಿಲ್ಲ. ಅಕ್ಟೋಬರಿನಲ್ಲಿ ಆ ಫೋನ್ ನಂಬರ್ ಬಂದ್ ಆಯಿತು.

ನವೆಂಬರಿನಲ್ಲಿ ನಾನು ತಂದೆಯ ಜೊತೆ ಠಾಣೆಗೆ ಹೋದೆ. ಅಲ್ಲಿದ್ದ ಅಧಿಕಾರಿ ಒರಟಾಗಿ ನಡೆದುಕೊಳ್ಳಲಿಲ್ಲ. ಕುರ್ಚಿ ಕೊಟ್ಟು, ಪೂರ್ತಿ ಕೇಳಿ, ಕೊನೆಗೆ ಒಂದೇ ಮಾತು ಹೇಳಿದರು: ‘ಏಳು ಲಕ್ಷ ಯಾವುದಕ್ಕ ಕೊಟ್ರಿ ಅನ್ನೋದನ್ನೂ ಬರೀಬೇಕಾಗ್ತದ್ರಿ.’ ತಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ತಂಡದ ಜಾಗವನ್ನು ಹಣಕ್ಕೆ ಕೊಳ್ಳಲು ಹೋಗಿದ್ದೆ ಎಂದು ತಮ್ಮ ಕೈಯಾರೆ ಬರೆಯಬೇಕಾಗಿತ್ತು. ಬರೆದರೆ ಯಾವ ಹುಡುಗನ ಜಾಗವನ್ನು ತಮ್ಮ ಮಗ ಕಸಿದುಕೊಳ್ಳುತ್ತಿದ್ದ ಎಂಬ ಪ್ರಶ್ನೆಯೂ ಏಳುತ್ತಿತ್ತು. ಹಾಳೆಯನ್ನು ಮಡಚಿ ಜೇಬಿಗಿಟ್ಟು ಎದ್ದರು.

ಹೊರಗೆ ಬಂದ ಮೇಲೆ ಅವರು 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್ಲಿನ ಮಾತು ತೆಗೆದರು. ಮೈಸೂರಿನಲ್ಲಿ ನಡೆದ ಆ ಪಂದ್ಯದಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ಬಳ್ಳಾರಿ ಟಸ್ಕರ್ಸ್ ವಿರುದ್ಧ ಎಂಟು ರನ್‌ಗಳಿಂದ ಗೆದ್ದಾಗ ಮಗನ ಜೊತೆ ಟಿವಿಯ ಮುಂದೆ ಕುಳಿತಿದ್ದರಂತೆ. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು, ಆ ಪಂದ್ಯದಲ್ಲಿ ನಿಧಾನವಾಗಿ ಬ್ಯಾಟಿಂಗ್ ಮಾಡಲು 20 ಲಕ್ಷ ಪಡೆದ ಆರೋಪದ ಮೇಲೆ ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತು. ಪಂದ್ಯದ ಮೊದಲೇ ಫಲಿತಾಂಶ ನಿಗದಿ ಮಾಡುವುದು ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಕ್ರಿಕೆಟ್ ಮಂಡಳಿ ಶಿಸ್ತುಕ್ರಮ ಕೈಗೊಳ್ಳಬಹುದು, ಆದರೆ ಪ್ರೇಕ್ಷಕರು ಸ್ವಇಚ್ಛೆಯಿಂದ ಟಿಕೆಟ್ ಕೊಂಡಿರುವಾಗ ಅದು ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗುವುದಿಲ್ಲ ಎಂಬುದು ತೀರ್ಪಿನ ಸಾರ. ರಾಜ್ಯ ಸರ್ಕಾರ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಆಟಗಾರರ ಮೇಲಿನ ಆರೋಪ ವಿಚಾರಣೆಯಲ್ಲಿ ಸಾಬೀತಾದದ್ದಲ್ಲ, ಆದ್ದರಿಂದ ಅವರ ಬಗ್ಗೆ ತೀರ್ಮಾನ ಹೇಳುವ ಹಕ್ಕು ನನಗಿಲ್ಲ. ತಂದೆಯ ಮನಸ್ಸಿನಲ್ಲಿದ್ದದ್ದು ಬೇರೆಯೇ ಪ್ರಶ್ನೆ. ‘ನೋಡಿದವರಿಗೆ ಮೋಸ ಆಗಿಲ್ಲ ಅಂದ್ರ, ನಾ ಕೊಟ್ಟವನು, ನನಗ ಮೋಸ ಆಗೇತೋ ಇಲ್ಲೋ? ನಾ ಆಸೆಬುರುಕ ಅಲ್ರಿ ಮಾಸ್ತರ್ರ. ಎಲ್ಲಾರೂ ಹಂಗ ಮಾಡ್ತಾರಂತ ಅಂದ್ರು.’

ಕಾನೂನಿನ ಪ್ರಕಾರ ಅವರು ವಂಚನೆಗೊಳಗಾದವರೇ. ಹಣ ಅವರ ಕೈಯಿಂದಲೇ ಹೋಗಿದೆ. ದೂರು ಕೊಡಲು ಅವರನ್ನು ತಡೆದದ್ದು ಅವರ ಮನಸ್ಸಾಕ್ಷಿ. ಜನ್ಮದಿನಾಂಕ ತಿದ್ದಲು ಒಪ್ಪದ ಅದೇ ಮನಸ್ಸಾಕ್ಷಿ ಅದು, ನಡುವೆ ಮೂರು ವರ್ಷ ಸಾಲದ ಕೆಳಗೆ ಮುಚ್ಚಿಹೋಗಿತ್ತು. ತಂದೆಯ ಆಸೆಯನ್ನೂ ಮಧ್ಯವರ್ತಿಯ ಆಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಸಾಧ್ಯವಿಲ್ಲ. ಆದರೆ ಮಧ್ಯವರ್ತಿಯ ವ್ಯಾಪಾರ ನಡೆಯುವುದು ಇಂಥ ತಂದೆಯರಿಂದ ಎಂಬುದನ್ನೂ, ಇಂಥ ತಂದೆಯರು ಹುಟ್ಟಿಕೊಳ್ಳುವುದು ಕೋಟಿಯ ಕೂಗನ್ನು ಟಿವಿಯಲ್ಲಿ ಹಬ್ಬದಂತೆ ತೋರಿಸುವ ಏರ್ಪಾಟಿನಿಂದ ಎಂಬುದನ್ನೂ ಬಿಟ್ಟು ಈ ಪ್ರಕರಣ ಅರ್ಥವಾಗುವುದಿಲ್ಲ.

ವಹಿಯ ಮೊತ್ತ

ನಾಲ್ಕು ವರ್ಷ ಒಂಬತ್ತು ತಿಂಗಳ ಒಟ್ಟು ಖರ್ಚು 16,62,400 ರೂಪಾಯಿ. ಅದರಲ್ಲಿ ಏಳು ಲಕ್ಷ ಮಧ್ಯವರ್ತಿಯದು, ಸುಮಾರು ಮೂರು ಲಕ್ಷ ಹುಬ್ಬಳ್ಳಿಯ ಖೋಲಿ ಬಾಡಿಗೆ ಮತ್ತು ಮನೆ ಖರ್ಚಿನದು, ಉಳಿದದ್ದು ಫೀ, ಸಾಮಾನು, ಶಿಬಿರ, ಟ್ರಯಲ್ಸ್, ಔಷಧ. ಜಮಾ 41,500, ಎಲ್ಲವೂ ಟೆನಿಸ್ ಚೆಂಡಿನದು. ಅಂದರೆ ಯಾವ ಇಪ್ಪತ್ತು ಲಕ್ಷದ ಮೂಲಬೆಲೆಯನ್ನು ಕೇಳಿ ಈ ಪಯಣ ಆರಂಭವಾಯಿತೋ, ಅದರ ಮುಕ್ಕಾಲಿಗೂ ಮಿಕ್ಕ ಮೊತ್ತವನ್ನು ಈ ಮನೆಯವರೇ ತೆತ್ತಿದ್ದಾರೆ. ತಾಯಿ ಎರಡೂವರೆ ವರ್ಷ ಬೇರೆ ಊರಿನಲ್ಲಿ ಒಲೆ ಹೂಡಿದ್ದಕ್ಕೆ, ಹುಡುಗನ ಪಿಯುಸಿ ನಿಂತುಹೋದದ್ದಕ್ಕೆ, ಬೆನ್ನಿಗೆ ವಹಿಯಲ್ಲಿ ಕಲಮುಗಳಿಲ್ಲ.

ಕೈಗಡ ಕೊಟ್ಟವರು 2023ರಲ್ಲಿ ಬಡ್ಡಿ ಹಾಕಿ ಕೇಳಿದರು. ಹತ್ತು ಪಟ್ಟಿನ ಕರಾರು ಮಾಡಿದವರೇ ಮೊದಲು ಬಂದರು. ಸೋದರಮಾವ ಮಾತ್ರ ಅಸಲನ್ನಷ್ಟೇ ತೆಗೆದುಕೊಂಡು, ತಂಗಿಯ ಬೋರಮಾಳವನ್ನು ಸೊಸೈಟಿಯಿಂದ ಬಿಡಿಸಿಕೊಟ್ಟರು. ಹುಡುಗ ಈಗ ಗದಗ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಬಹಳ ಹೊತ್ತು ಕುಳಿತರೆ ಸೊಂಟ ಹಿಡಿಯುತ್ತದೆಂದು ನಿಂತುಕೊಂಡೇ ಬರೆಯುವುದನ್ನು ನಾನು ನೋಡಿದ್ದೇನೆ.

2024ರ ನವೆಂಬರಿನ ಹರಾಜಿನಲ್ಲಿ ಹದಿಮೂರು ವರ್ಷದ ಬಾಲಕ ವೈಭವ್ ಸೂರ್ಯವಂಶಿಗೆ 1.10 ಕೋಟಿ ಸಿಕ್ಕಿತು. ಅವನು ಮುಂದಿನ ಏಪ್ರಿಲ್‌ನಲ್ಲಿ ಶತಕ ಬಾರಿಸಿ ತನ್ನ ಯೋಗ್ಯತೆಯನ್ನೂ ತೋರಿಸಿದ. ಹರಾಜಿನ ಆ ವಾರ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಒಬ್ಬ ತಂದೆ ನನ್ನ ಮನೆಗೆ ಬಂದರು. ಈ ಸಲ ನಾನು 1,574 ಮತ್ತು 182ರ ಲೆಕ್ಕವನ್ನು ಮೊದಲೇ ಹೇಳಿದೆ, ರಣಜಿಯ ದಿನಭತ್ಯೆಯನ್ನೂ ಹೇಳಿದೆ, ಹದಿನೆಂಟರವರೆಗೆ ಓದು ಬಿಡಿಸಕೂಡದು ಎಂದೆ, ಹುಡುಗನ ಆಟವನ್ನು ಆಮೇಲೆ ನೋಡಿದೆ. ಅವರು ಎಲ್ಲವನ್ನೂ ಕೇಳಿಕೊಂಡರು. ಹೋಗುವಾಗ ಹುಬ್ಬಳ್ಳಿಯಲ್ಲಿ ಒಳ್ಳೆಯ ಅಕಾಡೆಮಿ ಯಾವುದು ಎಂದು ಕೇಳಿದರು. ನಿಜ ಹೇಳಿ ಗಿರಾಕಿ ಕಳೆದುಕೊಂಡ ಆ ಮೊದಲ ತರಬೇತುದಾರರ ವಿಳಾಸ ಕೊಟ್ಟೆ.

ವಹಿಯನ್ನು ನಾನು ಕಳೆದ ಮುಂಗಾರಿನಲ್ಲಿ ಹಿಂತಿರುಗಿಸಲು ಹೋದಾಗ ತಂದೆ ಹೊಲದಲ್ಲಿದ್ದರು. ಮಾರಿದ ಎರಡು ಎಕರೆಯನ್ನೇ, ಕೊಂಡವರಿಂದ ಲಾವಣಿಗೆ (ಗೇಣಿಗೆ) ಹಿಡಿದು ಹೆಸರು ಬಿತ್ತುತ್ತಿದ್ದರು. ನೋಟುಬುಕ್ಕಿನಲ್ಲಿ ಇನ್ನೂ ಖಾಲಿ ಪುಟಗಳಿವೆ, ಹಾಳುಮಾಡುವುದು ಬೇಡ ಎಂದರು. ಸಂಜೆ ಹುಡುಗ ಕೆಲಸದಿಂದ ಬಂದವನು ಹೊಸ ಪುಟ ತೆರೆದು, ದಲಾಲಿ ಅಂಗಡಿಯ ಅಚ್ಚುಕಟ್ಟಾದ ಕೈಬರಹದಲ್ಲಿ ಬರೆದ: ಬೀಜ, ಗೊಬ್ಬರ, ಬಿತ್ತಿಗೆ ಬಾಡಿಗೆ, ಎರಡು ಎಕರೆಯ ಲಾವಣಿ.